ಮಂಡಿಗೀಲು

ಹುಲಿಗೆಮ್ಮನ ಉಡುಪಿನ ಮಂಡಿಗಳು ಥಟ್ಟನೆ ಬಿಗಿದುಕೊಂಡವು. ಅವಳ ಮುಂದೆ ಗುಂಡಿಯಿರಲಿಲ್ಲ. ಚಂದ್ರನ ಬೂದಿಮಣ್ಣು ಸಪಾಟಾಗಿ ಹರಡಿತ್ತು.

ಗಣಿಯ ನಿಯಂತ್ರಣ ಕೇಂದ್ರದ ಪರದೆಯಲ್ಲಿ ಪಂಪಾವತಿ ಅದನ್ನು ನೋಡಿದಳು. ಉಡುಪಿನ ಆ ಮಂಡಿಗೀಲನ್ನು ಕಂಡುಹಿಡಿದವಳು ಅವಳೇ. ಚಂದ್ರನ ದಕ್ಷಿಣ ತುದಿಯಲ್ಲಿ ಬಿಸಿಲು ಅಡ್ಡಡ್ಡ ಬೀಳುತ್ತದೆ. ನೆರಳು ಯಾವುದು, ಹಿಮ ಅಗೆದ ಗುಂಡಿ ಯಾವುದು ತಿಳಿಯುವುದಿಲ್ಲ. ಬಳ್ಳಾರಿಯ ಗಣಿಗಳಿಂದ ಬಂದವರು ಮೊದಲಿಗೆ ಹಾಗೆ ಬಿದ್ದೇ ಸತ್ತರು. ಕೀಲು ಬಂದ ಮೇಲೆ, ನಕ್ಷೆಯಲ್ಲಿ ಗುರುತಿಸಿದ ಅಂಚಿಗೆ ಬಂದೊಡನೆ ಕಾಲು ತಾನಾಗಿ ನಿಲ್ಲತೊಡಗಿತು. ಸಾವು ನಿಂತಿತು. ಜನ ನೆಲ ನೋಡಿ ನಡೆಯುವುದನ್ನೇ ಮರೆತರು.

ಈಗ ಭೂಮಿಯ ಕಂಪನಿ ಚಂದ್ರನನ್ನು ಬಿಟ್ಟು ಹೋಗುತ್ತಿತ್ತು. ಎರಡು ಸ್ವತಂತ್ರ ದೇಶ ಮಾಡಿ ಕೈತೊಳೆದುಕೊಳ್ಳಲು ಆಯೋಗವೊಂದನ್ನು ನೇಮಿಸಿತು. ಅದರಲ್ಲಿ ಒಬ್ಬನೂ ಇಲ್ಲಿಗೆ ಕಾಲಿಟ್ಟವನಲ್ಲ. ಯಾರು ಎಲ್ಲಿ ಮಲಗಿದ್ದಾರೋ ಅಲ್ಲಿಯ ಪ್ರಜೆ ಎಂದು ಒಂದೇ ವಾರದಲ್ಲಿ ತಲೆ ಎಣಿಸಿದರು. ಅದು ನಾಗರಪಂಚಮಿಯ ವಾರ. ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ಗಂಡಂದಿರು ಒಂದು ದೇಶ, ಹೆಂಡಂದಿರು ಇನ್ನೊಂದು ದೇಶವಾದರು.

ಬೇಲಿಯ ಖರ್ಚು ಉಳಿಸಲು ಗಡಿಯನ್ನೂ ಗುಂಡಿಯ ಅಂಚೆಂದು ನಕ್ಷೆಗೆ ಸೇರಿಸಿದರು. ಮೊದಲು ಹಿಂದಕ್ಕೆ ಹೆಜ್ಜೆಯಿಟ್ಟರೆ ಕೀಲು ಸಡಿಲವಾಗುತ್ತಿತ್ತು. ದಾಟಲು ಬಂದವರನ್ನು ವಿಚಾರಣೆಗೆ ಹಿಡಿದಿಡಲು ಅದನ್ನೂ ತೆಗೆಸಿದರು. ನಕ್ಷೆಯ ಪೆನ್ನಿನ ಗೆರೆ ನೆಲದ ಮೇಲೆ ಅರ್ಧ ಮೈಲಿ ಅಗಲವಾಗಿತ್ತು. ಅದರ ಈಚೆ ದಡದಲ್ಲಿ ಗಂಡನ ಮನೆಗೆ ಹೊರಟಿದ್ದ ಹುಲಿಗೆಮ್ಮ. ಆಚೆ ದಡದಲ್ಲಿ, ಗಾಳಿಯ ಸಿಲಿಂಡರ್ ಹೊತ್ತು ಓಡಿಬಂದು ತಾನೂ ಸಿಕ್ಕಿಬಿದ್ದ ಗಂಡ ಗಾದಿಲಿಂಗ.

"ಪಂಚಮಿ ಉಂಡಿ ತಂದೀ ಇಲ್ಲೋ?" ರೇಡಿಯೋದಲ್ಲಿ ಗಾದಿಲಿಂಗ ಕೇಳಿದ. "ತರದಿದ್ರ ಅಲ್ಲೇ ನಿಂದ್ರು."

"ನಿನ್ ಪಾಲಿಂದು ನಾನೇ ತಿಂದೀನಿ. ಬಾಯಿ ಮುಚ್ಚು ಮಾವ, ಗಾಳಿ ಮುಗಿಯಾಕ ಬಂದೈತಿ."

ಅವಳಿಗೆ ಗಾಳಿ ಹೊತ್ತು ತವರಿನಿಂದ ಬಂಡಿ ಹೊರಟಿತ್ತು. ಹೊತ್ತಿಗೆ ಸರಿಯಾಗಿ ತಲುಪುತ್ತದೆಂದು ಯಾರಿಗೂ ನಂಬಿಕೆಯಿರಲಿಲ್ಲ.

"ನಕ್ಷೆಯಲ್ಲಿ ಗುಂಡಿಗಳನ್ನು ಹಾಗೇ ಬಿಟ್ಟು ಗಡಿಯೊಂದನ್ನು ಅಳಿಸಿ," ಎಂದು ಪಂಪಾವತಿ ಭೂಮಿಗೆ ಕೂಗಿ ಹೇಳಿದಳು.

ಆಯೋಗದ ವಕೀಲನ ಉತ್ತರವನ್ನು ಅನುವಾದಯಂತ್ರ ಗ್ರಂಥದ ಕನ್ನಡದಲ್ಲಿ ಒಪ್ಪಿಸಿತು: "ಉಭಯವನ್ನೂ ಒಟ್ಟಿಗೆ ಸೇರಿಸಲಾಗಿದೆ. ಬೇರ್ಪಡಿಸಲು ಕಾಲಾವಕಾಶವಿರಲಿಲ್ಲ."

"ಹುಡುಗಿ ಉಸಿರುಕಟ್ಟಿ ಸಾಯ್ತಾಳೆ ಕಣ್ರೀ!"

"ಆಕೆ ಯಾವ ದೇಶದ ಪ್ರಜೆ?"

ಪಂಪಾವತಿ ಸಂಪರ್ಕ ಕಿತ್ತುಹಾಕಿದಳು. ಎಲ್ಲ ಕೀಲುಗಳನ್ನೂ ಬಿಚ್ಚುವ ಸ್ವಿಚ್ಚೊತ್ತಿದಳು. "ಗಾದಿಲಿಂಗಾ, ನೆಲ ನೋಡ್ಕೊಂಡು ಬಾ!"

ಅವನು ಆಗಲೇ ನೆಗೆದಿದ್ದ. ಎಂಟು ವರ್ಷಗಳಿಂದ ಅವನ ಪರವಾಗಿ ಮಂಡಿಗಳೇ ನೆಲ ನೋಡಿದ್ದವು. ಗೆರೆಯ ನಡುವಿನ ಹಳೆಯ ಗುಂಡಿ ನೆರಳಿನಂತೆಯೇ ಕಾಣುತ್ತಿತ್ತು. ಚಂದ್ರನ ಮೇಲೆ ಬೀಳುವುದು ಬಲು ನಿಧಾನ. ಅವನು ಹೆಂಡತಿಯ ಹೆಸರನ್ನು ಎರಡು ಸಲ ಕೂಗಿದ್ದು ಎಲ್ಲರಿಗೂ ಕೇಳಿಸಿತು.

ಬಂಡಿ ಹೊತ್ತಿಗೆ ಸರಿಯಾಗಿ ಬಂತು. ಹುಲಿಗೆಮ್ಮ ಬದುಕಿದಳು.

ಹೆಣ ಇನ್ನೂ ಅಲ್ಲೇ ಇದೆ. ಎತ್ತಿದವರು ಆ ನೆಲ ತಮ್ಮದೆಂದು ಹೇಳಿದಂತಾಗುತ್ತದೆ. ಆದ್ದರಿಂದ ಎರಡು ದೇಶಗಳೂ ಒಂದನ್ನೊಂದು ತಡೆದಿವೆ. ಎರಡೂ ಕಡೆ ಕಾವಲು ನಿಂತಿದೆ.

"ಗೆರಿ ಎಳದಾತ ಏನಾದ ಅಕ್ಕಾ?" ಹುಲಿಗೆಮ್ಮ ಒಂದು ದಿನ ಕೇಳಿದಳು.

"ಪದಕ ಕೊಟ್ಟರಂತೆ."

ಪಂಪಾವತಿಗೆ ಬಳ್ಳಾರಿಯ ತನ್ನ ಶಾಲೆ ನೆನಪಾಯಿತು. ಹಿಂದೆ ಪರದೇಶದ ದೊರೆಗಳು ಹೊರಡುವ ಅವಸರದಲ್ಲಿ ಭೂಮಿಯ ಮೇಲೆ ಎಳೆದುಹೋದ ಗೆರೆಗಳನ್ನು ಅವಳು ಅಲ್ಲಿ ಭೂಪಟದ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ತಿದ್ದಿದ್ದಳು. ಗೆರೆ ಚೂರು ಆಚೀಚೆಯಾದರೆ ಟೀಚರು ಅಂಕ ಕಳೆಯುತ್ತಿದ್ದರು. ಈ ಸಂಜೆಯೂ ಯಾವುದೋ ಮನೆಯಲ್ಲಿ ಒಂದು ಮಗು ಆ ಗೆರೆಗಳನ್ನೇ ತಿದ್ದುತ್ತ ಕೂತಿರುತ್ತದೆ. ಪಕ್ಕದಲ್ಲಿ ಕೂತ ನಾವು, ಅಂದವಾಗಿ ಎಳೆ ಮರಿ, ಎನ್ನುತ್ತೇವೆ.