ಎಪ್ಪತ್ತನೇ ಚಾನೆಲ್ಲಿನ ಪಿನ್ನು

ಮೊದಲು ಅವನ ರೋಬಾಟ್ ಅವನದೇ ಊಟದ ಡಬ್ಬಿಯನ್ನು ನುಚ್ಚುನೂರು ಮಾಡಿತು. ಆಮೇಲೆ ಅವನು ನೊರೀನಳನ್ನು ಹುಡುಕಿಕೊಂಡು ಬಂದ.

“ಎಪ್ಪತ್ತು ಯಾರ್ರೀ? ಎಪ್ಪತ್ತನೇ ಚಾನೆಲ್ ಯಾರದು?”

ತೊಂಬತ್ತನಾಲ್ಕರ ಆಗಸ್ಟ್. ಸ್ಯಾನ್ ಫ್ರಾನ್ಸಿಸ್ಕೋದ ಹಡಗುಕಟ್ಟೆಯ ಹಳೇ ಶೆಡ್ಡು. ಯಂತ್ರಗಳನ್ನು ಕಾಳಗಕ್ಕೆ ಬಿಡುವ ಆಟ ಆಗಷ್ಟೇ ಶುರುವಾಗಿತ್ತು. ಮನೆಯ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಬ್ಲೇಡು, ಹಳೇ ಡ್ರಿಲ್ಲು, ಸೈಕಲ್ ಚೈನು ಸೇರಿಸಿ ರೋಬಾಟ್ ಕಟ್ಟಿದವರೆಲ್ಲ ಉದ್ದುದ್ದ ಮೇಜುಗಳ ಮುಂದೆ ನಿಂತು ಸ್ಕ್ರೂ ಬಿಗಿ ಮಾಡುತ್ತಿದ್ದರು. ನೊರೀನ್ ತನ್ನ ಕೈಯಲ್ಲಿದ್ದ, ರೋಬಾಟ್ ನಡೆಸುವ ರೇಡಿಯೊ ನೋಡಿಕೊಂಡಳು. ಅದರ ಕೆಂಪು ದೀಪ ಉರಿಯುತ್ತಿತ್ತು.

“ನಂದು,” ಎಂದಳು.

“ಪಿನ್ನೆಲ್ಲಿ?”

ಪಿನ್ನು ಅವಳ ಹತ್ತಿರ ಇರಲಿಲ್ಲ. ಅದು ಅವನ ಕಾಲರಿನ ಮೇಲಿತ್ತು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪು, ಅದರ ಮೇಲೆ ಮಾರ್ಕರಿನಲ್ಲಿ ಬರೆದ ಎಪ್ಪತ್ತು.

ಆ ಶೆಡ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಾನೂನು ಅದೇ. ಬಾಗಿಲ ಬಳಿಯ ಹಲಗೆಯ ಮೇಲೆ ಒಂದೊಂದು ಚಾನೆಲ್ಲಿಗೂ ಒಂದೇ ಒಂದು ಪಿನ್ನು. ಅದನ್ನು ತಂದು ಅಂಗಿಗೆ ಸಿಕ್ಕಿಸಿಕೊಂಡವರು ಮಾತ್ರ ರೇಡಿಯೊ ಹಾಕಬಹುದು. ಒಂದೇ ಚಾನೆಲ್ಲಿನವರು ಇಬ್ಬರಿದ್ದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ಕಾಯದೆ ಸ್ವಿಚ್ ಒತ್ತಿದರೆ ಇವರ ಮಾತನ್ನು ಅವರ ಯಂತ್ರ ಕೇಳಿಬಿಡುತ್ತದೆ. ನೊರೀನ್ ಮಾಡಿದ್ದು ಅದನ್ನೇ.

“ಚಕ್ರ ತಿರುಗುತ್ತಾ ಅಂತ ಒಂದೇ ಒಂದ್ಸಲ ನೋಡೋಣ ಅಂತ... ಸಾರಿ ಕಣ್ರೀ.”

“ನಿಮ್ ಚಕ್ರ ತಿರುಗ್ತೋ ಇಲ್ವೋ, ನನ್ ರೂಬಿ ಚಿಕ್ಕಮ್ಮ ಮಾತ್ರ ಎದ್ದು ಹೋಗಿ ನನ್ ಸ್ಯಾಂಡ್‌ವಿಚ್ ಕೊಚ್ಚಿ ಹಾಕಿದ್ಲು.”

“ಚಿಕ್ಕಮ್ಮನಾ?”

“ರೋಬಾಟ್ ಹೆಸ್ರು.” ಅವನ ಹುಬ್ಬಿನ ಮೇಲೆ ಗ್ರೀಸ್ ಮೆತ್ತಿತ್ತು. ಸಿಟ್ಟು ಹಣೆಯಲ್ಲಿ ಮಾತ್ರ ಉಳಿದಿತ್ತು. ತುಟಿಯ ಅಂಚು ಆಗಲೇ ನಗಲು ಹೊರಟಿತ್ತು. ನೊರೀನ್ ಅದನ್ನು ನೋಡಿದಳು. ತಾನು ನೋಡಿದ್ದನ್ನು ಅವನೂ ನೋಡಿದ ಎಂದು ಗೊತ್ತಾಗಿ ಕಿವಿ ಬಿಸಿಯಾಯಿತು.

ತಪ್ಪುಕಾಣಿಕೆಯಾಗಿ ತನ್ನ ಬುರಿಟೊದಲ್ಲಿ ಅರ್ಧ ಕೊಟ್ಟಳು. ಅವನು ಅವಳ ಮೇಜಿನ ತುದಿಗೆ ಒರಗಿ ತಿಂದ. ಹೆಸರು ವೆಂಡೆಲ್. ಓಕ್‌ಲೆಂಡಿನಲ್ಲಿ ಗಾಲಿಕುರ್ಚಿ ರಿಪೇರಿ ಮಾಡುವವನು. ಸಾಕಿ ಬೆಳೆಸಿದ ಚಿಕ್ಕಮ್ಮ ಹೋದ ಚಳಿಗಾಲದಲ್ಲಿ ತೀರಿಹೋಗಿದ್ದಳು. ಅವಳ ಗಾಲಿಕುರ್ಚಿಯ ಎರಡು ಮೋಟರೇ ಈ ರೋಬಾಟಿನ ಜೀವ.

“ಪಾಪ, ಎಂಟು ವರ್ಷ ಕೂತಲ್ಲೇ ಕೂತಿದ್ಲು. ಈಗ್ಲಾದ್ರೂ ನಾಕು ಜನಕ್ಕೆ ಗುದ್ದಲಿ ಅಂತ.” ಆಮೇಲೆ ನೊರೀನಳ ರೋಬಾಟ್ ಕಡೆ ಗಲ್ಲ ಎತ್ತಿದ. ಅದು ಚಪ್ಪಟೆ, ಹಳದಿ ಬಣ್ಣ, ಮೇಲೆ ಬಿಳಿ ಹೂವು. “ಇದೇನು?”

“ಪ್ಯಾನ್‌ಕೇಕ್.” ಅವಳು ಸಿನಿಮಾದವರಿಗೆ ಮಾದರಿ ಊರು, ಮಾದರಿ ಹಡಗು ಮಾಡಿಕೊಡುವ ಶಾಪಿನಲ್ಲಿದ್ದಳು. ಬಣ್ಣ ಹಚ್ಚದೆ ಯಾವುದನ್ನೂ ಮುಗಿಸಿದ ಅಭ್ಯಾಸವಿರಲಿಲ್ಲ.

“ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಬ್ಯಾಟರಿ ನೋಡಿದ್ರೆ ಟಾರ್ಚಿಗೂ ಸಾಲಲ್ಲ.”

“ತಿಂದಾಯ್ತಲ್ಲ? ಹೊರಡಿ.”

ಅವನು ಹೊರಡಲಿಲ್ಲ.

ಆ ವರ್ಷ ರೂಬಿ ಚಿಕ್ಕಮ್ಮ ತನ್ನ ತೂಕದ ಗುಂಪಿನಲ್ಲಿ ಐದಕ್ಕೆ ಐದೂ ಗೆದ್ದಳು. ವೆಂಡೆಲ್ ನಡೆಸುವುದನ್ನು ನೋಡಬೇಕಿತ್ತು. ಬೇರೆಯವರು ರೇಡಿಯೊದ ಎರಡು ಕಡ್ಡಿಗಳನ್ನು ಮುರಿಯುವ ಹಾಗೆ ನೂಕುತ್ತಿದ್ದರು. ಅವನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎರಡು ಹೆಬ್ಬೆರಳು ಆಡಿಸುತ್ತಿದ್ದ. ಗಂಟೆ ಹೊಡೆದ ಕೂಡಲೇ ಮೊದಲು ಎಡಕ್ಕೆ ಒಂದು ಸಣ್ಣ ಸುತ್ತು, ಆಮೇಲೆ ಎದುರಾಳಿಯ ಪಕ್ಕೆಗೆ. ಯಾವಾಗಲೂ ಎಡಕ್ಕೆ.

ಪ್ರತಿ ಕಾಳಗ ಮುಗಿದ ಮೇಲೆ ಪಿನ್ನು ಕೈಬದಲಾಗಬೇಕಿತ್ತು. ವೆಂಡೆಲ್ ಅದನ್ನು ಕೈಗೆ ಕೊಡುತ್ತಿರಲಿಲ್ಲ. ತನ್ನ ಕಾಲರಿನಿಂದ ತೆಗೆದು ಅವಳ ಕಾಲರಿಗೆ ತಾನೇ ಸಿಕ್ಕಿಸುತ್ತಿದ್ದ. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಅವನು ತೆಗೆದುಕೊಳ್ಳುತ್ತಿದ್ದ. ಅವಳು ಕೊಡುತ್ತಿದ್ದಳು.

“ನೋಡ್ರಪ್ಪಾ,” ಎಂದಳು ಹ್ಯಾಟಿ. ಪಿನ್ನಿನ ಹಲಗೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಹೆಂಗಸು ಅವಳು. “ಇಬ್ರಲ್ಲಿ ಒಬ್ರು ರೇಡಿಯೊ ಒಳಗಿನ ಕ್ರಿಸ್ಟಲ್ ಬದಲಾಯಿಸ್ಕೊಳ್ಳಿ. ಕಡ್ಲೆಕಾಯಿಯಷ್ಟು ತುಂಡು, ಎರಡು ಬರ್ಗರಿನ ದುಡ್ಡು. ಅವ್ರವ್ರ ಚಾನೆಲ್ ಅವ್ರವ್ರಿಗೆ. ಈ ಗೋಳೇ ಇರಲ್ಲ.”

“ಹೌದ್ಹೌದು, ಮುಂದಿನ ವರ್ಷ,” ಎಂದರು ಇಬ್ಬರೂ.

ಸೋಮವಾರವೇ ನೊರೀನ್ ಅಂಗಡಿಗೆ ಹೋಗಿ ಎಂಬತ್ತೆರಡರ ಕ್ರಿಸ್ಟಲ್ ತಂದಳು. ಮನೆಗೆ ಬಂದು ಅದನ್ನು ಕೈಯಲ್ಲಿ ಹಿಡಿದು ಕೂತಳು. ಇದನ್ನು ಹಾಕಿಕೊಂಡರೆ ಅವನ ಮೇಜಿಗೆ ಹೋಗಲು ಯಾವ ನೆಪವೂ ಉಳಿಯುವುದಿಲ್ಲ. ಪೊಟ್ಟಣವನ್ನು ಟೂಲ್ ಬಾಕ್ಸಿನ ತಳಕ್ಕೆ ತಳ್ಳಿದಳು.

ವರ್ಷವಿಡೀ ಭಾನುವಾರದ ಫೋನು. ಬ್ಯಾಟರಿ, ಗೇರು, ಬೆಸುಗೆ ಎಂದು ಶುರುವಾಗಿ ಎಲ್ಲೆಲ್ಲಿಗೋ ಹೋಗುವ ಮಾತು. ಪ್ರೀತಿ ಎಂಬ ಪದ ಒಂದು ಬಿಟ್ಟು ಮಿಕ್ಕೆಲ್ಲ ಆಡಿದರು.

ತೊಂಬತ್ತೈದರಲ್ಲಿ ರೂಬಿ ಚಿಕ್ಕಮ್ಮ ಫೈನಲ್ ತಲುಪಿ ಸೋತಳು. ಎಡಕ್ಕೆ ಹೊರಡುವ ಮೊದಲು ಅರೆಕ್ಷಣ ತಡೆದಳು, ಅಷ್ಟೇ. ಎದುರಾಳಿಗೆ ಅಷ್ಟು ಸಾಕಾಯಿತು.

“ರೇಡಿಯೊ ಕೈಕೊಡ್ತು ಕಣೆ,” ಎಂದ ವೆಂಡೆಲ್. “ಯಾರೋ ಎಪ್ಪತ್ತು ಹಾಕಿರ್ಬೇಕು.”

ನೊರೀನ್ ಗಾಬರಿಯಿಂದ ತನ್ನ ರೇಡಿಯೊ ಮುಟ್ಟಿ ನೋಡಿದಳು. ಆರಿಯೇ ಇತ್ತು. ಎಪ್ಪತ್ತರಲ್ಲಿ ಅವರಿಬ್ಬರನ್ನು ಬಿಟ್ಟರೆ ಇನ್ನು ಯಾರೂ ಇರಲಿಲ್ಲ.

ತೊಂಬತ್ತಾರರಲ್ಲಿ ಮೊದಲ ಸುತ್ತಿನಲ್ಲೇ ಮುಗಿಯಿತು. ಅವನ ಎರಡು ಕೈಗಳದ್ದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆಯಾಗಿತ್ತು. ರೂಬಿ ನೇರ ಹೋಗಿ ಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ಗಿರಗಿರ ತಿರುಗಿದಳು. ಎರಡು ವರ್ಷದ ಹಿಂದೆ ಅವಳಿಗೆ ಹೆದರಿದ್ದ ಜನವೇ ಈಗ ನಕ್ಕರು.

ಸೋತು ಬಂದ ವೆಂಡೆಲ್ ಎಂದಿನಂತೆ ಪಿನ್ನು ತೆಗೆದು ಅವಳ ಕಾಲರಿಗೆ ಸಿಕ್ಕಿಸಲು ಹೋದ. ತಪ್ಪಿತು. ಮತ್ತೆ ತಪ್ಪಿತು. ಮೂರನೇ ಸಲ ಕ್ಲಿಪ್ಪು ಅವಳ ಕತ್ತಿನ ಚರ್ಮವನ್ನು ಕಚ್ಚಿತು. ಇಬ್ಬರೂ ನಗಲಿಲ್ಲ.

“ಯಾವಾಗ್ನಿಂದ?” ಕೇಳಿದಳು.

“ಹೋದ ವರ್ಷದಿಂದ. ನಮ್ಮನೆ ಕಾಯಿಲೆ. ಅಮ್ಮಂಗೆ ಬಂತು, ಚಿಕ್ಕಮ್ಮಂಗೆ ಬಂತು. ಮೊದ್ಲು ಕೈ, ಆಮೇಲೆ ಕಾಲು, ಆಮೇಲೆ ಮಾತು.” ಹವಾಮಾನ ಹೇಳುವಂತೆ ಹೇಳಿದ. “ಔಷಧಿ ಇಲ್ಲ. ಕೇಳ್ಬೇಡ, ಎಲ್ಲಾ ಕೇಳಿ ಆಗಿದೆ.”

ನೊರೀನ್ ಔಷಧಿಯ ವಿಷಯ ಕೇಳಲಿಲ್ಲ. “ನನ್ ಮದುವೆ ಆಗು,” ಎಂದಳು.

“ಹುಚ್ಚಿ,” ಎಂದು ಅವಳ ಕತ್ತಿನ ಕೆಂಪು ಗುರುತನ್ನು ಒಂದು ಸಲ ಮುಟ್ಟಿ ಹೊರಟುಹೋದ. ಆಮೇಲಿನ ಭಾನುವಾರಗಳಲ್ಲಿ ಅವನ ಮನೆಯ ಫೋನು ಬರೀ ಹೊಡೆದುಕೊಂಡಿತು. ಅವಳು ಆದರೂ ಮಾಡುತ್ತಿದ್ದಳು.

ತೊಂಬತ್ತೇಳರ ಆಗಸ್ಟಿನಲ್ಲಿ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಸೊರಗಿದ್ದ. ಮಾತಿನ ಕೊನೆ ಸ್ವಲ್ಪ ತೊದಲುತ್ತಿತ್ತು.

“ಇದೊಂದೇ ಕಾಳಗ,” ಎಂದ. “ಇವತ್ತೇ ಕೊನೆ. ಆಮೇಲೆ ನೆಬ್ರಾಸ್ಕಾ. ಅಕ್ಕನ ಮನೆ.”

“ನಾನು?”

“ನೀನು ಬೆಳಗ್ಗೇನೇ ಸೋತೆಯಂತಲ್ಲ. ಹೂವು ಹಚ್ಚೋದ್ ಬಿಟ್ಟು ಬ್ಯಾಟರಿ ಹಾಕು ಅಂದ್ರೆ ಕೇಳ್ಬೇಕಲ್ಲ.”

“ನಾನು ಕೇಳಿದ್ದು ಅದಲ್ಲ.”

“ಗೊತ್ತು,” ಎಂದ. ಅವಳ ಕಣ್ಣು ತಪ್ಪಿಸಿ ರೂಬಿಯ ಸ್ಕ್ರೂ ಒಂದನ್ನು ಸುಮ್ಮನೆ ಒರೆಸತೊಡಗಿದ. “ಒಂದೇ ಆಸೆ. ಇವ್ಳು ಮೂಲೇಲಿ ಕೂತು ಸಾಯ್ಬಾರ್ದು. ಒಂದ್ಸಲ ಕೂತಿದ್ದಾಳೆ, ಸಾಕು.”

ಎದುರಾಳಿಯ ಹೆಸರು ಸ್ಲೆಡ್ಜ್. ಉದ್ದ ತೋಳಿನ ತುದಿಗೆ ಕಬ್ಬಿಣದ ಸುತ್ತಿಗೆ. ನೊರೀನ್ ಬೇಲಿಯ ಪಕ್ಕ ನಿಂತಳು. ಅವಳ ರೇಡಿಯೊ ಕೊರಳಿನಿಂದ ನೇತಾಡುತ್ತಿತ್ತು, ಆರಿಸಿ. ಗಂಟೆ ಹೊಡೆಯಿತು. ರೂಬಿ ಎಡಕ್ಕೆ ತಿರುಗಲೇ ಇಲ್ಲ. ಹಿಂದಕ್ಕೆ ಹೋಗಿ ಮೂಲೆಗೆ ಸಿಕ್ಕಿಕೊಂಡಳು. ಸುತ್ತಿಗೆ ಒಂದು ಬಿತ್ತು, ಎರಡು ಬಿತ್ತು. ಯಾರೋ ಸಿಳ್ಳೆ ಹಾಕಿದರು. ವೆಂಡೆಲ್‌ನ ಬಲ ಹೆಬ್ಬೆರಳು ಕಡ್ಡಿಯ ಮೇಲೆ ಸೆಟೆದು ನಿಂತಿತ್ತು. ಅವನು ಅದನ್ನು ಎಡಗೈಯಿಂದ ಎತ್ತಲು ನೋಡುತ್ತಿದ್ದ.

ಆಮೇಲೆ ಅವನು ತಲೆ ಎತ್ತಿದ. ಸಾವಿರ ಜನರ ನಡುವೆ ಅವಳನ್ನು ಹುಡುಕಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನೋಡುತ್ತಲೇ ತನ್ನ ರೇಡಿಯೊದ ಆಂಟೆನಾವನ್ನು ಗಲ್ಲದಿಂದ ಒತ್ತಿ ಒಳಗೆ ತಳ್ಳಿದ. ಎಡಗೈಯಿಂದ ಸ್ವಿಚ್ ಆರಿಸಿದ, ಕೆಂಪು ದೀಪ ಆರಿತು.

ಪಿನ್ನಿಲ್ಲದೆ ಸ್ವಿಚ್ ಒತ್ತುವುದು ಆ ಶೆಡ್ಡಿನಲ್ಲಿ ಕಳ್ಳತನಕ್ಕಿಂತ ಕೆಟ್ಟ ಕೆಲಸ. ನೊರೀನ್ ತನ್ನ ಆಂಟೆನಾ ಎಳೆದಳು. ಒತ್ತಿದಳು.

ರೂಬಿ ಮೊದಲು ಎಡಕ್ಕೆ, ಸಣ್ಣ ಸುತ್ತು. ಶೆಡ್ಡು ಒಂದೇ ಸಲ ಗರ್ಜಿಸಿತು. ಹಳೇ ಪ್ರೇಕ್ಷಕರಿಗೆ ಆ ಸುತ್ತಿನ ಗುರುತು ಇತ್ತು. “ವೆಂಡೆಲ್! ವೆಂಡೆಲ್!” ಎಂದು ಕೂಗಿದರು. ಅವನು ಸತ್ತ ಕಡ್ಡಿಗಳ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಅವನ ಕಣ್ಣು ರೂಬಿಯ ಮೇಲಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಈಗ ಬಲಕ್ಕೆ. ಈಗ ಹಿಂದೆ. ಈಗ ಗುದ್ದು. ಮೂರು ವರ್ಷ ಆ ಕೈಗಳನ್ನು ನೋಡಿದವಳಿಗೆ ತುಟಿ ಓದುವ ಅಗತ್ಯವೂ ಇರಲಿಲ್ಲ. ಎರಡು ಸಲ ಸ್ಲೆಡ್ಜನ್ನು ಕೆಡವಿದಳು. ಒಂದೂವರೆ ನಿಮಿಷ ಅವರಿಬ್ಬರೂ ಗಂಡ ಹೆಂಡತಿಯಾಗಿದ್ದರು ಎಂದರೆ ತಪ್ಪಿಲ್ಲ.

ಆಮೇಲೆ ಚಿಕ್ಕಮ್ಮನ ಬಲ ಮೋಟರಿನಿಂದ ಹೊಗೆ ಎದ್ದಿತು. ಅಖಾಡದ ನಟ್ಟನಡುವೆ ನಿಂತಳು. ಸುತ್ತಿಗೆ ಬಿತ್ತು. ಸೋತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹಲಗೆಯ ಹತ್ತಿರ ಹ್ಯಾಟಿ ನೊರೀನಳ ಎತ್ತಿದ ಆಂಟೆನಾ ನೋಡಿದಳು, ಅವಳ ಖಾಲಿ ಕಾಲರ್ ನೋಡಿದಳು. ಕರ್ಚೀಫು ತೆಗೆದು ಮೂಗು ಒರೆಸಿಕೊಂಡಳು. ಹಲಗೆಯ ಕಡೆ ತಿರುಗಿಕೊಂಡಳು.

ಮೇಜಿನ ಹಿಂದೆ, ಖಾಲಿ ಪೆಟ್ಟಿಗೆಗಳ ಮರೆಯಲ್ಲಿ, ಅವನು ಕೂತಿದ್ದ. ನೊರೀನ್ ಎದುರು ಮಂಡಿಯೂರಿದಳು.

“ಹಿಂಗೇ ಇರ್ಬೋದು ಕಣೋ. ನಿನ್ ಕೈ ನಿಂತಾಗ ನನ್ ಕೈ. ಈಗ ಮಾಡ್ಲಿಲ್ವಾ?”

“ಒಂದೂವರೆ ನಿಮಿಷ ಮಾಡ್ದೆ. ಎಂಟು ವರ್ಷ ಮಾಡ್ತೀಯಾ?”

“ಮಾಡ್ತೀನಿ.”

“ಚಿಕ್ಕಮ್ಮಂಗೆ ನಾನು ಮಾಡಿದೀನಿ, ನೊರೀನ್.” ಅವನು ಪದಗಳನ್ನು ಒಂದೊಂದಾಗಿ ಜೋಡಿಸಿದ. “ಎತ್ತಿ ಕೂರಿಸ್ದೆ, ತಿನ್ನಿಸ್ದೆ, ಒರೆಸ್ದೆ. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸ್ತಿದ್ದೆ ಅವ್ಳನ್ನ. ಸತ್ತ ದಿನ ನಂಗೆ ಅಳು ಬರ್ಲಿಲ್ಲ. ಹಾಯೆನಿಸ್ತು. ಅವತ್ತು ಸಂಜೇನೇ ಸ್ಪ್ಯಾನರ್ ಹಿಡ್ದು ಮೋಟರ್ ಬಿಚ್ಚಿದೆ. ಸಿಳ್ಳೆ ಹಾಕ್ಕೊಂಡು ಬಿಚ್ಚಿದೆ ಕಣೆ. ಆ ಸಿಳ್ಳೆ ನಿನ್ ಬಾಯಿಗೆ ಬರೋದು ನಂಗೆ ಬೇಡ.”

ನೊರೀನ್ ಅವನ ಸೆಟೆದ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿದಳು. “ನಂಗೆ ಸಿಳ್ಳೆ ಹಾಕೋಕೇ ಬರಲ್ಲ,” ಎಂದಳು ಕೊನೆಗೆ.

ಅವನು ನಕ್ಕ. ನಗು ನಡುವೆಯೇ ಒಡೆಯಿತು. ಅವಳ ಭುಜಕ್ಕೆ ಹಣೆ ಇಟ್ಟು ಅತ್ತ. ಗ್ರೀಸಿನ ವಾಸನೆಯ ಆ ತಲೆಯನ್ನು ಅವಳು ಅಪ್ಪಿ ಹಿಡಿದಳು. ಮೊದಲ ಸಲ ಹಿಡಿದಿದ್ದು, ಕೊನೆಯ ಸಲ ಎಂದೂ ಗೊತ್ತಿತ್ತು.

ಆಮೇಲೆ ಅವನು ತನ್ನ ಟೂಲ್ ಬಾಕ್ಸಿನ ಕಡೆ ಗಲ್ಲ ತೋರಿದ. “ತಳದಲ್ಲಿ ಒಂದು ಪೊಟ್ಟಣ ಇದೆ. ತಗೋ.”

ತೆಗೆದಳು. ಕ್ರಿಸ್ಟಲ್. ಎಂಬತ್ತಾರನೇ ಚಾನೆಲ್. ಒಡೆಯದ ಪ್ಲಾಸ್ಟಿಕ್ಕು. ಅಂಗಡಿಯ ಚೀಟಿಯ ಮೇಲೆ ತೊಂಬತ್ತನಾಲ್ಕರ ಆಗಸ್ಟ್, ಕಾಳಗ ಮುಗಿದ ಮಾರನೆಯ ದಿನ.

“ಕಳ್ಳ,” ಎಂದಳು. “ನಂದೂ ಇದೆ. ಎಂಬತ್ತೆರಡು. ಅದೇ ಸೋಮವಾರ.”

“ಎಷ್ಟೊತ್ತಿಗೆ ಹೋಗಿದ್ದೆ ಅಂಗಡಿಗೆ?”

“ಮಧ್ಯಾಹ್ನ.”

“ನಾನು ಬೆಳಗ್ಗೆ.” ಅವನು ಅವಳನ್ನೇ ನೋಡಿದ, ಮೊದಲ ದಿನದ ಹಾಗೆ, ತುಟಿಯ ಅಂಚಿನಿಂದ. “ನಿನ್ನ ಪ್ರೀತಿಸ್ತೀನಿ ಕಣೆ. ಅದನ್ನ ಹಾಕ್ಕೋ ಇನ್ಮೇಲೆ. ಯಾರನ್ನೂ ಕಾಯೋ ಹಂಗಿರಲ್ಲ.”

ಪಿನ್ನನ್ನು ಹಲಗೆಗೆ ಅವನೇ ಮರಳಿಸಬೇಕೆಂದು ಹಟ ಮಾಡಿದ. ಐದು ಸಲ ತಪ್ಪಿತು. ಹ್ಯಾಟಿಯಾಗಲಿ ನೊರೀನ್ ಆಗಲಿ ಕೈ ಚಾಚಲಿಲ್ಲ. ಆರನೇ ಸಲ ಸಿಕ್ಕಿತು. ಹೊರಗೆ ಅಕ್ಕನ ವ್ಯಾನು ಕಾಯುತ್ತಿತ್ತು.

ನೆಬ್ರಾಸ್ಕಾದಿಂದ ಕೆಲವು ಕಾರ್ಡು ಬಂದವು, ಅಕ್ಕನ ಅಕ್ಷರದಲ್ಲಿ. ನೊರೀನ್ ಒಮ್ಮೆ ಅಲ್ಲಿಯವರೆಗೂ ಹೋದಳು. ಅವನು ನೋಡಲು ಒಪ್ಪಲಿಲ್ಲ. ವರಾಂಡದ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ಕೂತಿದ್ದು, ಅಕ್ಕ ಕೊಟ್ಟ ಕಾಫಿ ಕುಡಿದು ವಾಪಸು ಬಂದಳು. ಕಿಟಕಿಯ ಪರದೆ ಅಲ್ಲಾಡಿದ್ದು ನಿಜ. ಗಾಳಿಯೂ ಇತ್ತು.

ಹಡಗುಕಟ್ಟೆಯ ಕಾಳಗ ನಿಂತುಹೋಯಿತು. ಎರಡು ವರ್ಷದ ಮೇಲೆ ಸ್ಯಾಕ್ರಮೆಂಟೊದ ಒಂದು ಗೋದಾಮಿನಲ್ಲಿ ಮತ್ತೆ ಯಾರೋ ಶುರುಮಾಡಿದರು. ನೊರೀನ್ ಪ್ಯಾನ್‌ಕೇಕ್ ಹೊತ್ತುಕೊಂಡು ಹೋದಳು. ಹೂವು ಹಾಗೇ ಇತ್ತು, ಬ್ಯಾಟರಿ ದೊಡ್ಡದಾಗಿತ್ತು. ಟೂಲ್ ಬಾಕ್ಸಿನ ತಳದಲ್ಲಿ ಎರಡು ಪೊಟ್ಟಣ ಅಕ್ಕಪಕ್ಕ ಮಲಗಿದ್ದವು, ಎರಡೂ ಒಡೆದಿರಲಿಲ್ಲ.

ಹಲಗೆಯ ಹತ್ತಿರ ಯಾರೋ ಹೊಸಬ, ಗಡ್ಡದವನು.

“ಯಾವ ಚಾನೆಲ್ ಮೇಡಂ?”

“ಎಪ್ಪತ್ತು.”

ಅವನು ಪಟ್ಟಿಯ ಮೇಲೆ ಬೆರಳು ಓಡಿಸಿದ. ಮುಖ ಅರಳಿತು.

“ಅದೃಷ್ಟವಂತರು ಬಿಡಿ! ಎಪ್ಪತ್ತರಲ್ಲಿ ನೀವೊಬ್ರೇ. ಬೆಳಗ್ಗೆಯಿಂದ ಸಂಜೆ ತನಕ ಪಿನ್ನು ನಿಮ್ದೇ, ಯಾರಿಗೂ ಕೊಡೋ ಗೋಜೇ ಇಲ್ಲ.”

ಪಿನ್ನನ್ನು ಅವಳ ಕೈಗೆ ಕೊಟ್ಟ. ನೊರೀನ್ ಥ್ಯಾಂಕ್ಸ್ ಹೇಳಿ, ತನ್ನ ಕಾಲರಿಗೆ ತಾನೇ ಸಿಕ್ಕಿಸಿಕೊಂಡಳು.