ಬೋರ್ಡಿನ ಮೂರನೇ ಸಾಲು

ಅಜ್ಜಿಯೊಬ್ಬರು ಬಿದ್ದದ್ದು ನಾನು ಕಂಡಕ್ಟರಾಗಿರುವ ಬಸ್ಸಿನ ಮುಂದಿನ ಬಾಗಿಲಲ್ಲಿ. ಜನ ದಬದಬ ಇಳಿಯುತ್ತಿದ್ದಾಗ ಅದೇ ಬಾಗಿಲಲ್ಲಿ ಹತ್ತಲು ಹೋಗಿದ್ದರು. ಕೈ ಮುರಿಯಿತು.

“ಬೋರ್ಡಲ್ಲಿ ಹಾಗೇ ಬರ್ದಿದೆಯಲ್ಲಪ್ಪಾ!” ಎಂದು ಅಜ್ಜಿ ನರಳಿದರು.

ನಿಲ್ದಾಣದ ಹೊಸ ಬೋರ್ಡು ಓದಿದೆ. ಮೂರನೇ ಸಾಲು— ‘ಪ್ರಯಾಣಿಕರು ಮುಂಭಾಗದ ದ್ವಾರದ ಮೂಲಕ ಪ್ರವೇಶಿಸುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.’ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಹಿಂದೆ ಹತ್ತಬೇಕು, ಮುಂದೆ ಇಳಿಯಬೇಕು. ಮುಂದೆ ಹತ್ತುವುದು, ಈ ನಿಯಮಗಳ ಇಂಗ್ಲಿಷ್ ಮೂಲ ಎಲ್ಲಿಂದ ಬಂತೋ ಆ ಊರಿನ ಪದ್ಧತಿ!

ಆ ನಿಯಮಗಳನ್ನು ಅನುವಾದಿಸಿದವರು ನಮ್ಮ ಕಚೇರಿಯ ಅಕ್ಕ. ತಿಂಗಳಿಡೀ ನನ್ನ ಬಸ್ಸಿನಲ್ಲೇ ನಿಂತು, ಒಂದೊಂದು ವಾಕ್ಯವನ್ನೂ ನನಗೆ ಓದಿ ಹೇಳಿದ್ದರು. ನಾನು ತಕ್ಷಣ ತಲೆಯಾಡಿಸದಿದ್ದರೆ ಆ ವಾಕ್ಯವನ್ನು ಅಲ್ಲೇ ಹೊಡೆದುಹಾಕುತ್ತಿದ್ದರು. ಈ ಸಾಲು ಅವರದಲ್ಲ. ಆದರೂ ಅವರನ್ನೇ ಕೆಲಸದಿಂದ ತೆಗೆಯುವ ನೋಟೀಸು ಬಂತು. ಎಂಥ ಅನ್ಯಾಯ!

ಅಪಘಾತದ ತಪಾಸಣೆಗೆ ಬಂದ ಮೇಲಧಿಕಾರಿ ಮೇಡಂ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಪ್ರಕಟಣೆ ವಿಭಾಗಕ್ಕೆ ನುಗ್ಗಿದರು.

“ಅಕ್ಕ ಬರ್ದ ಹಾಳೆ ಎಲ್ಲಿ?” ಎಂದು ಟೈಪಿಸ್ಟನನ್ನು ಕೇಳಿದರು.

“ಟೈಪ್ ಮಾಡಿ ಸಾಹೇಬ್ರ ಮೇಜಿನ ಮೇಲಿಟ್ಟೆ ಮೇಡಂ. ಕೈಬರಹ ಕಸದ ಬುಟ್ಟಿಗೆ ಹಾಕ್ದೆ, ಯಾವಾಗ್ಲೂ ಹಾಗೇ.”

“ಅದ್ರಲ್ಲಿ ಏನಿತ್ತು?”

“ದಿನಕ್ಕೆ ನೂರು ಹಾಳೆ. ನೆನಪಿಟ್ಕೊಳ್ಳೋಕಾಗುತ್ತಾ?”

ವಿಭಾಗದ ಮುಖ್ಯಸ್ಥರಾದ ಸಾಹೇಬರು ಫೈಲಿನಿಂದ ಟೈಪಾದ ಹಾಳೆ ತೆಗೆದು ಬಿಸಾಕಿದರು. ಬೋರ್ಡಿನಲ್ಲಿದ್ದ ಹತ್ತೂ ಸಾಲು ಅದರಲ್ಲಿ ಹಾಗೇ ಇದ್ದವು.

“ಇದನ್ನ ಬಿಟ್ಟು ಅವಳ ಒಂದಕ್ಷರಾನೂ ನಾನು ನೋಡಿಲ್ಲ. ಸಹಿ ಹಾಕಿ ಕಳಿಸ್ದೆ, ಅಷ್ಟೇ. ತಪ್ಪು ಅವಳದು, ಇಲ್ಲಾ ಟೈಪಿಸ್ಟಂದು.”

“ಅಕ್ಕ ಇಂಥ ತಪ್ಪು ಮಾಡ್ತಾರಾ?” ಎಂದರು ಮೇಡಂ.

“ಅವಳ ಯೋಗ್ಯತೆ ನಂಗೊತ್ತಿಲ್ವಾ? ‘ಇಳಿಯೋರಿಗೆ ಮೊದ್ಲು ದಾರಿ ಬಿಡಿ’ ಅಂತ ಬರೆಯೋಳು! ಅದು ನಿಯಮನಾ, ಬಸ್ ಸ್ಟ್ಯಾಂಡ್ ಹರಟೆನಾ?”

ಮೇಡಂ ಹಾಳೆಯನ್ನು ಕೊನೆತನಕ ಓದಿದರು.

“ಕಂಡಕ್ಟ್ರೇ, ಸಾಹೇಬ್ರು ಈಗ ಹೇಳಿದ ವಾಕ್ಯ ಕೇಳಿದ್ದೀರಾ?”

“ಕೇಳಿದ್ದೀನಿ ಮೇಡಂ. ಅಕ್ಕ ಬಸ್ಸಲ್ಲಿ ಓದಿ ಹೇಳಿದ್ರು. ನಾಲ್ಕನೇ ನಿಯಮ.”

“ಸಾಹೇಬ್ರೇ, ಈ ಹಾಳೆಯಲ್ಲಿ ಆ ವಾಕ್ಯ ಎಲ್ಲಿದೆ? ತೋರಿಸಿ.”

ಸಾಹೇಬರು ಹಾಳೆ ತಿರುವಿದರು. ಮತ್ತೆ ತಿರುವಿದರು.

“ಇಲ್ಲ, ಅಲ್ವಾ? ಬೋರ್ಡಲ್ಲೂ ಇಲ್ಲ. ಅಕ್ಕನ ನಿಜವಾದ ಹಾಳೆಯಲ್ಲಿ ಮಾತ್ರ ಇತ್ತು. ಅದನ್ನ ನೋಡೇ ಇಲ್ಲ ಅಂದೋರಿಗೆ ಬಾಯಿಪಾಠ ಹೇಗೆ ಬಂತು? ಅದನ್ನ ಹರಿದುಹಾಕಿ, ಇದನ್ನ ಬರೆದೋರು ನೀವೇ!”

“ಮೂಲದಲ್ಲಿ ಇದ್ದದ್ದೇ ಇರ್ಬೇಕು!” ಸಾಹೇಬರು ಮೇಜು ಗುದ್ದಿದರು. “ಅದನ್ನ ‘ಹಿಂದಿನ ಬಾಗಿಲು’ ಅಂತ ತಿದ್ದೋಕೆ ಅವಳ್ಯಾರು?”

“ನೀವು ಬಸ್ ಹತ್ತಿ ಎಷ್ಟು ವರ್ಷ ಆಯ್ತು?”

ಕಿಟಕಿಯ ಹೊರಗೆ ಸಾಹೇಬರ ಕಾರು ನಿಂತಿತ್ತು.

ಮೇಡಂ ನೋಟೀಸನ್ನು ಹರಿದರು. “ನಾಳೆಯಿಂದ ಕೆಲಸಕ್ಕೆ ಬನ್ನಿ ಅಕ್ಕ.”

“ನನ್ನ ಕೆಲಸ ಹಾಳಾಗ್ಲಿ ಮೇಡಂ!” ಅಕ್ಕನ ದನಿ ಏರಿತು. “ಆ ಬೋರ್ಡು ಇನ್ನೂ ನೂರು ನಿಲ್ದಾಣದಲ್ಲಿದೆ. ಓದಿದ್ದನ್ನ ನಂಬಿ ನಡೆಯೋರು ಅಲ್ಲಿ ನಿಂತಿದ್ದಾರೆ. ಇವತ್ತೇ ತೆಗೆಸಿ.”

ಸಾಹೇಬರು ಕುರ್ಚಿಯಿಂದ ಅಲ್ಲಾಡಲಿಲ್ಲ.

“ಏಳ್ರೀ ಮೇಲೆ!” ಎಂದು ಗದರಿದವನು ನಾನು. “ಮೊದಲನೇ ಬೋರ್ಡು ನೀವೇ ಬಿಚ್ಚಬೇಕು.”