ಟೋಲ್ಬಿಯ ಗಡಿಕಲ್ಲು

ಮಾರ್ಚ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ 8.10. ಕೌನ್ಸಿಲ್ ಅಧ್ಯಕ್ಷ ಹಾರ್ವಿ ಯೋಸ್ಟ್ ಟೋಲ್ಬಿ ಠಾಣೆಗೆ ನುಗ್ಗಿದ.

"ನಮ್ಮ ಬರೋದ ಗಡಿಕಲ್ಲು ಕಿತ್ತುಬಿಟ್ಟಿದ್ದಾರೆ! ಟೌನ್‌ಶಿಪ್‌ನೋರ ಕೆಲಸವೇ. ಬರ್ಕೋ."

ಇನ್‌ಸ್ಪೆಕ್ಟರ್ ಆರ್ಲನ್ ಕ್ರೆಸ್ಗಿ ಎಫ್‌ಐಆರ್ ಬರೆದ. ಪೆನ್ಸಿಲ್ವೇನಿಯಾದ ಈ ಅಂಗೈಯಗಲದ ಬರೋಗೆ, ಅಂದರೆ ತನ್ನಾಡಳಿತದ ಪುಟ್ಟ ಪಟ್ಟಣಕ್ಕೆ, ಸ್ವಂತ ಕೌನ್ಸಿಲ್, ಸ್ವಂತ ಫೈರ್ ಎಂಜಿನ್, ಇಬ್ಬರೇ ಪೊಲೀಸರು. ಸುತ್ತಲಿನ ಹಳ್ಳಿಗಾಡನ್ನು ಆಳುವ ಟೌನ್‌ಶಿಪ್‌ಗೂ ಇದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಇಷ್ಟು ಜಾಗಕ್ಕೆ ಇಷ್ಟು ಜಂಭ ಬೇರೆಲ್ಲೂ ಇರಲಾರದು.

9.00, ಮಿಲ್ ರಸ್ತೆ. ಗಡಿಯಲ್ಲಿ ಬರೀ ಗುಂಡಿ. ಕಲ್ಲು ಅರವತ್ತು ಅಡಿ ಮುಂದೆ, ಟೌನ್‌ಶಿಪ್‌ನ ವಿಲ್ಮಾ ಶಾಂಕ್ ಮನೆಯನ್ನೂ ದಾಟಿ, ಹೊಸ ಸಿಮೆಂಟಿನಲ್ಲಿ ನೆಟ್ಟಗೆ ನಿಂತಿತ್ತು. ಟ್ರ್ಯಾಕ್ಟರ್ ಗಾಲಿಯ ಗುರುತು, ಸರಪಳಿ ಎಳೆದ ಗೆರೆ. ಇಬ್ಬರು ಸಾಕ್ಷಿಗಳೆದುರು ಪಂಚನಾಮೆ ಆಯಿತು. ಚಳಿಗೆ ಸಿಮೆಂಟ್ ಬಿರಿಯದಿರಲೆಂದು ಮೇಲೊಂದು ಕೌದಿ ಹೊದಿಸಿದ್ದರು.

ಕಾನ್‌ಸ್ಟೇಬಲ್ ಡೀನಾ ಪವ್ಲಿಕ್ ಅದನ್ನೆತ್ತಿ ನೋಡಿದಳು. "ಸರ್, ಇದು ನಮ್ಮಮ್ಮ ಹೊಲಿದಿದ್ದು."

"ಯಾರಿಗೆ ಕೊಟ್ರು?"

"ಹೊಸ ಫೈರ್ ಎಂಜಿನ್ನಿಗೆ ಅಂತ ಲಾಟರಿ ಎತ್ತಿದ್ರಲ್ಲ, ಅದಕ್ಕೆ ಬಹುಮಾನವಾಗಿ."

ಗೆದ್ದವರ ಪಟ್ಟಿ ಎಂಜಿನ್ ಶೆಡ್ಡಿನ ಗೋಡೆಯ ಮೇಲಿತ್ತು. ಕೌದಿ ಗೆದ್ದವನು ಎಲ್ಮರ್ ಶಾಂಕ್, ವಿಲ್ಮಾಳ ಗಂಡ. ಜನವರಿಯಲ್ಲಿ ಮನೆಗೆ ಬೆಂಕಿ ಬಿದ್ದಾಗ ಹೊಗೆಯಲ್ಲಿ ಉಸಿರುಕಟ್ಟಿ ಸತ್ತಿದ್ದ.

ಕ್ರೆಸ್ಗಿ ಜೊತೆಗೇ ಬಂದಿದ್ದ ಯೋಸ್ಟ್‌ನತ್ತ ತಿರುಗಿದ. "ಅವತ್ತು ಎಂಜಿನ್ ಓಡಿಸಿದ್ದು ಯಾರು?"

"ನಾನೇ."

"ಎಲ್ಲಿ ನಿಲ್ಸಿದೆ?"

"ಕಲ್ಲಿನ ಹತ್ರ. ಆಚೆ ಹೋಗೋಕೆ ಟೌನ್‌ಶಿಪ್‌ನೋರು ಕರೀಬೇಕು. ರೂಲ್ಸು."

"ಎಷ್ಟು ಹೊತ್ತು ನಿಂತಿದ್ದೆ?"

"ಹನ್ನೊಂದು ನಿಮಿಷ. ಈಗ ಅದ್ಯಾಕೆ?"

11.40. ವಿಲ್ಮಾ ಜಗಲಿಯಲ್ಲಿ ಕೂತಿದ್ದಳು. ಒಂದು ಕಾಲಕ್ಕೆ ಶಾಲೆಯ ಬಸ್ಸಿನಲ್ಲಿ ಕ್ರೆಸ್ಗಿ, ಯೋಸ್ಟ್ ಇಬ್ಬರನ್ನೂ ಕರೆದೊಯ್ದವಳು. ಕ್ರೆಸ್ಗಿ ಗುಂಡಿಯ ಬಳಿ ನಿಂತು, ಗಡಿ ದಾಟಿ ಬಂಧಿಸಲು ಒಪ್ಪಿಗೆ ಕೇಳಿ ಟೌನ್‌ಶಿಪ್ ಪೊಲೀಸರಿಗೆ ಫೋನ್ ಮಾಡಿದ.

"ಬಾರೋ ಆರ್ಲನ್, ಯಾಕೆ ನಿಂತೆ?" ವಿಲ್ಮಾ ಕೂಗಿದಳು. "ಈಗ ನನ್ನ ಮನೇನೂ ನಿಮ್ಮೂರಲ್ಲೇ ಇದೆ. ಇನ್ನಾದ್ರೂ ಬೆಂಕಿ ಬಿದ್ರೆ ಬರ್ತೀರಾ?"

"ಕಲ್ಲು ಕಿತ್ತಿದ್ದು ನೀವೇನಾ?"

"ನಾನೇ. ಎಲ್ಮರ್ ಟ್ರ್ಯಾಕ್ಟರ್‌ನಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದೀನಿ, ಗೊತ್ತು."

ಕ್ರೆಸ್ಗಿಯ ಹಿಂದೆ ನಿಂತಿದ್ದ ಯೋಸ್ಟ್‌ಗೆ ತಡೆಯಲಾಗಲಿಲ್ಲ. "ಫೋನ್ ಕಾಯ್ತಾ ನಿಂತಿದ್ದೀಯಲ್ಲಯ್ಯಾ! ಹೋಗಿ ಹಿಡಿ ಅವಳನ್ನ! ಅರವತ್ತೇ ಅಡಿ!"

ವಿಲ್ಮಾ ನಿಧಾನವಾಗಿ ಎದ್ದು ನಿಂತಳು.

"ಹೌದು ಕಣೋ ಹಾರ್ವಿ," ಎಂದಳು. "ಅವತ್ತೂ ಅಷ್ಟೇ ಇತ್ತು."

ಒಪ್ಪಿಗೆ 11.58ಕ್ಕೆ ಬಂತು. ಬಂಧನ 12.05ಕ್ಕೆ. ಕ್ರೆಸ್ಗಿಗೆ ಆ ಕೆಲಸ ಅಸಹ್ಯವೆನಿಸಿತು, ಆದರೂ ಮಾಡಿದ.

ಠಾಣೆಯಲ್ಲಿ, ಕೃತ್ಯಕ್ಕೆ ಕಾರಣ ಎಂಬಲ್ಲಿ ಅವನು ಬರೆದದ್ದು ಇಷ್ಟೇ: ಅರವತ್ತು ಅಡಿ, ಹನ್ನೊಂದು ನಿಮಿಷ. ಕೆಳಗೆ ದೂರುದಾರನ ಸಹಿ ಬೇಕಿತ್ತು. ಯೋಸ್ಟ್ ಅದನ್ನು ಎರಡು ಸಲ ಓದಿ, ಪೆನ್ನು ಮೇಜಿನ ಮೇಲಿಟ್ಟು ಹೊರಟುಹೋದ.